ಫ್ಲಡ್‌ವಾಚ್ ಇಂಡಿಯಾ ಆ್ಯಪ್: ಭೀಮಾ ದಂಡಿಮ್ಯಾಲ ಇರೋರು ಹಾಕ್ಕೊಳ್ರಿ

ನಮ್ದು ಅಫಜಲಪುರ ಕಡಿ ಊರು, ಸೊನ್ನ ಬ್ಯಾರೇಜಿನ ಕೆಳಗ, ಹೊಲದ ಬದುವಿಗೇ ಭೀಮಾ ಹೊಳಿ. ಹೊಳಿ ನೀರು ಎಷ್ಟ್ ಏರೇದ ಅಂತ ತೋರ್ಸೋ ಕೇಂದ್ರ ಜಲ ಆಯೋಗದವ್ರ ಈ ಆ್ಯಪ್ ಹಾಕ್ಕೊಂಡು ಎರಡ್ ಮಳಿಗಾಲ ನೋಡಿನ್ರಿ, ಐದಕ್ಕ ನಾಕ್ ಸ್ಟಾರ್ ಕೊಡ್ತೀನಿ.

ಯಾಕ ಇಷ್ಟ್ ಹೇಳ್ಲಿಕ್ಕತ್ತೀನಂದ್ರ 2020ರ ಅಕ್ಟೋಬರ್ ನಾವ್ಯಾರೂ ಮರ್ತಿಲ್ಲ. ಬಂಗಾಳ ಕೊಲ್ಲಿದು ವಾಯುಭಾರ ಕುಸಿತ 13ನೇ ತಾರೀಖು ಕಾಕಿನಾಡ ಹತ್ರ ದಡಕ್ಕ ಬಂತು, ಅಲ್ಲಿಂದ ತೆಲಂಗಾಣ ದಾಟಿ ನಮ್ ತಲಿಮ್ಯಾಲಿಂದ ಮಹಾರಾಷ್ಟ್ರಕ್ಕ ಹೋಯ್ತು. ಸಮುದ್ರ ಎಲ್ಲಿ ನಾವೆಲ್ಲಿ, ತುಫಾನ್ ನಮಗೇನ್ ಮಾಡ್ತದ ಅಂತ ಕುಂತಿದ್ವಿ. ಮಳಿ ಹೊಡೀತು, ನಿಂತೂ ಹೋಯ್ತು, ಪಾರಾದ್ವಿ ಅಂತ ಉಸುರು ಬಿಟ್ವಿ, ಆಮ್ಯಾಲ ಬಂತ್ ನೋಡ್ರಿ ಹೊಳಿ. ಮ್ಯಾಲ ಮಹಾರಾಷ್ಟ್ರದಾಗ ಉಜನಿ, ವೀರ್ ಡ್ಯಾಮ್ ತುಂಬಿ ನೀರು ಬಿಟ್ಟಿದ್ರು. ಗಾಣಗಾಪುರ ಬ್ರಿಜ್ ಮುಳುಗ್ತು, ಘತ್ತರಗಿ ಭಾಗಮ್ಮನ ಗುಡಿಗೂ ನೀರು ಹೊಕ್ತು. ಹೊಳಿ ದಂಡ್ಯಾಗಿದ್ದ ನಮ್ ಮೋಟರ್, ಪೈಪು ಎಲ್ಲಾ ಹೋಯ್ತು, ಕಾಳು ಕಟ್ಟೋದಿದ್ದ ತೊಗರಿ ನಿಂತಲ್ಲೇ ಕೊಳೀತು. ಮನಿ ಗ್ವಾಡಿಮ್ಯಾಲ ಸ್ವಿಚ್ ಬೋರ್ಡಿನ ಸಮ ಕೆಸರಿನ ಗೆರಿ ಅದ, ಎರಡ್ ಸಲ ಸುಣ್ಣ ಹೊಡ್ದ್ರೂ ಮತ್ತ ಎದ್ದ್ ಕಾಣ್ತದ.

ಅಂದ್ರ ನಮ್ಮೂರಾಗ ಮಳಿ ಎಷ್ಟ್ ಅಂತ ನೋಡ್ಕೋತ ಕುಂತ್ರ ನಮಗ ಏನೂ ತಿಳಿಯಂಗಿಲ್ಲ. ಉಜನಿ 117 ಟಿಎಂಸಿ ಡ್ಯಾಮು, ಅದು ತುಂಬಿತಂದ್ರ ನಮ್ಮೂರಾಗ ಬಿಸ್ಲಿದ್ರೂ ಹೊಳಿ ಬರ್ತದ. ಈ ಆ್ಯಪ್ ನನಗ ಸೇರಿದ್ದು ಅದಕ್ಕ. 2024ರಾಗ ಹೊಸ ವರ್ಷನ್ ಬಂದಾಗಿಂದ ಹೊಳಿ ಮಟ್ಟ ಅಳಿಯೋ 592 ಸ್ಟೇಷನ್ ಅವ, ಅದ್ರ ಜೋಡಿ 150 ದೊಡ್ಡ ಡ್ಯಾಮಿನ ಮಾಹಿತಿನೂ ಅದ, ಉಜನಿನೂ ಅದ್ರಾಗ ಬರ್ತದ. ಮ್ಯಾಪ್‌ನ್ಯಾಗ ಚುಕ್ಕಿ ಇರ್ತಾವ, ಹಳದಿ ಆತಂದ್ರ ಎಚ್ಚರಿಕಿ ಮಟ್ಟ ದಾಟೇದ ಅಂತ, ಕೇಸರಿ ಆತಂದ್ರ ಹೊಳಿ ಅಪಾಯದ ಮಟ್ಟ ದಾಟೇದ ಅಂತ, ಕೆಂಪಾತಂದ್ರ ಹಿಂದ ಯಾವಾಗ್ಲೂ ಬಂದಿದ್ದಕ್ಕಿಂತ ಮ್ಯಾಲ. ಕ್ಯೂಸೆಕ್ ಲೆಕ್ಕ ಬಹಳ ಮಂದಿಗೆ ತಿಳಿಯಂಗಿಲ್ರಿ, ಒಂದ್ ಲಕ್ಷ ಕ್ಯೂಸೆಕ್ ಅಂದ್ರ ಸೆಕೆಂಡಿಗೆ 28 ಲಕ್ಷ ಲೀಟರ್ ನೀರು, ಬಣ್ಣ ಆದ್ರ ಅಪ್ಪಗೂ ತಿಳೀತದ, ಸಣ್ಣ ಹುಡುಗ್ರಿಗೂ ತಿಳೀತದ.

2025ರ ಸೆಪ್ಟೆಂಬರ್ ಕೊನಿಗೆ ಮತ್ತ ಭೀಮಾ ಉಕ್ಕಿ ಬಂದಾಗ ಈ ಸಲ ನೋಡ್ಕೋತ ಇದ್ವಿ. ದೇವಣಗಾಂವ ಸ್ಟೇಷನ್ ಏರ್ಲಿಕ್ಕತ್ತಿದ್ದು ಕಂಡ ಕೂಡ್ಲೇ ನಾನು, ತಮ್ಮ, ಬಾಜು ಹೊಲದವ್ರು ಕೂಡಿ ಹಗ್ಗ ಕಟ್ಟಿ ಮೋಟರ್ ಮ್ಯಾಲ ಎಳದ್ವಿ, ಮೊಳಕಾಲ್ ಮಟ ರಾಡಿ, ಕೈ ಎಲ್ಲಾ ಕಿತ್ತ್ ಹೋದ್ವು. ಬೆಳಿ ಉಳೀಲಿಲ್ಲ. ಮೋಟರ್ ಉಳೀತು, ಎಮ್ಮಿ ಎರಡೂ ಉಳದ್ವು.

ಒಂದ್ ಸ್ಟಾರ್ ಕಡಿಮಿ ಮಾಡಿದ್ದು ಭಾಷಾದ ಸಲುವಾಗಿ. ಶುರುವಾದಾಗ ಇಂಗ್ಲಿಷ್, ಹಿಂದಿ ಎರಡೇ ಇತ್ತು, ಆಡಿಯೋನೂ ಅದ್ರಾಗೇ, ಅದಕ್ಕ ನಾನೇ ಓದಿ ಊರಿನ ವಾಟ್ಸಾಪ್ ಗ್ರೂಪಿಗೆ ಕನ್ನಡದಾಗ ವಾಯ್ಸ್ ಹಾಕ್ತೀನಿ. ಕನ್ನಡ ಬೇಕೇಬೇಕ್ರಿ, ಹೊಳಿ ದಂಡ್ಯಾಗ ಇರೋ ಮುದುಕ್ರು ಯಾರನ್ ಕೇಳ್ಬೇಕು?

ಇನ್ನೊಂದು, ಹಳದಿ ಚುಕ್ಕಿ ಬಂದಾಗ್ಲೇ ಫೋನ್, ಪವರ್ ಬ್ಯಾಂಕ್ ಫುಲ್ ಚಾರ್ಜ್ ಮಾಡಿ ಇಟ್ಕೋರಿ. ಹೊಳಿ ಬಂತಂದ್ರ ಕರೆಂಟ್ ಹೋಗ್ತದ, ಹಿಂದೇ ಟವರ್ ಹೋಗ್ತದ, ಆವಾಗ ಯಾವ ಆ್ಯಪೂ ತೆರಿಯಂಗಿಲ್ಲ.