ಮೇರಿಲ್ಯಾಂಡ್ ದಾರಿಯೋ, ಮ್ಯಾಸಚೂಸೆಟ್ಸ್ ದಾರಿಯೋ?

ಆರೋಗ್ಯದ ಖರ್ಚಿಗೆ ಕಡಿವಾಣ ಹಾಕಬೇಕೆಂದಿರುವ ಅಮೆರಿಕದ ರಾಜ್ಯಕ್ಕೆ ಈ ಎರಡು ಮಾದರಿ ನೋಡಿದರೆ ಸಾಕಷ್ಟು ತಿಳಿಯುತ್ತದೆ.

ಮೇರಿಲ್ಯಾಂಡ್ 1970ರ ದಶಕದಿಂದಲೇ ಆಸ್ಪತ್ರೆ ದರಗಳನ್ನು ತಾನೇ ನಿಗದಿ ಮಾಡುತ್ತಿದೆ. ಮೆಡಿಕೇರ್ (ಮುಖ್ಯವಾಗಿ ವೃದ್ಧರಿಗಾಗಿ ಅಮೆರಿಕದ ಕೇಂದ್ರ ಸರ್ಕಾರ ನಡೆಸುವ ವಿಮೆ) ಆಗಲಿ, ಖಾಸಗಿ ವಿಮೆಯಾಗಲಿ, ಹೆಚ್ಚುಕಮ್ಮಿ ಒಂದೇ ದರ. ಕೇಂದ್ರ ಸರ್ಕಾರದ ಜೊತೆಗಿನ 2014ರ ಒಪ್ಪಂದದ ನಂತರ ಆಸ್ಪತ್ರೆಯ ಇಡೀ ವರ್ಷದ ಆದಾಯವೇ ಮೊದಲೇ ನಿಗದಿಯಾಗಿರುತ್ತದೆ. ಲೆಕ್ಕ ತಲೆಕೆಳಗಾಗುವುದು ಇಲ್ಲೇ. ಉಬ್ಬಸದ ಮಗು ಮೂರನೇ ಸಲ ತುರ್ತು ವಿಭಾಗಕ್ಕೆ ಬಂದರೆ ಮೊದಲು ಅದು ಆದಾಯ, ಈಗ ಬರೀ ಖರ್ಚು. ಹಾಗಾಗಿ ಆ ಮಗುವಿನ ಮನೆ ಗೋಡೆಯ ಬೂಷ್ಟು ತೆಗೆಸುವುದೂ ಆಸ್ಪತ್ರೆಗೆ ಲಾಭವೇ. ತೊಡಕೂ ಇದೆ: ಹೊರಗಿನ ಕ್ಲಿನಿಕ್ಕುಗಳು ಈ ಬಜೆಟ್ಟಿನೊಳಗೆ ಬರುವುದಿಲ್ಲ, ಮೇಲಾಗಿ ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು.

ಮ್ಯಾಸಚೂಸೆಟ್ಸ್ ದರಕ್ಕೆ ಕೈಹಾಕಲಿಲ್ಲ. 2012ರ ಕಾನೂನಿನಡಿ ರಾಜ್ಯದ ಒಟ್ಟು ಆರೋಗ್ಯ ಖರ್ಚು ವರ್ಷಕ್ಕೆ ಎಷ್ಟು ಏರಬಹುದೆಂಬ ಗುರಿ ಇಟ್ಟಿತು. ಮೊದಲ ವರ್ಷಗಳಲ್ಲಿ ಶೇ. 3.6. ಮೀರಿದ ಆಸ್ಪತ್ರೆ, ವಿಮಾ ಕಂಪನಿಗಳಿಂದ ಸುಧಾರಣಾ ಯೋಜನೆ ಕೇಳಬಹುದು. ಅಂಥ ಮೊದಲ ಆದೇಶ ಹೊರಬಿದ್ದದ್ದು 2022ರಲ್ಲಿ! ಶುರುಮಾಡುವುದು ಸುಲಭ, ಹಲ್ಲು ಕಡಿಮೆ.

ದೊಡ್ಡ ಆಸ್ಪತ್ರೆಗಳನ್ನು ಎದುರುಹಾಕಿಕೊಳ್ಳುವ ಧೈರ್ಯವಿದ್ದರೆ ನನ್ನ ಮತ ಮೇರಿಲ್ಯಾಂಡಿಗೆ. ಇಲ್ಲವೇ, ಗುರಿಯಿಂದಲೇ ಶುರುಮಾಡಿ. ಆದರೆ ದಂಡ ಹಾಕುವ ಅಧಿಕಾರವನ್ನು ಮೊದಲ ದಿನವೇ ಕಾನೂನಿನಲ್ಲಿ ಗಟ್ಟಿಯಾಗಿ ಬರೆಸಿಕೊಳ್ಳಿ.