ಪೈಮಾಲ್‌ನಲ್ಲಿ ಲೇಬಲ್ ಹಾಕೋದು: ಮೆನುಗಿಂತ ಕಮಾಂಡ್ ವಾಸಿ

ಪ್ರೋಟೀನ್ ಚಿತ್ರಗಳಿಗೆ ಹಲವು ವರ್ಷಗಳಿಂದ ಪೈಮಾಲನ್ನೇ ಬಳಸುತ್ತಿದ್ದೇನೆ. ವಾರೆನ್ ಡಿಲಾನೊ 2000ದಲ್ಲಿ ಹೊರತಂದ ಸಾಫ್ಟ್‌ವೇರ್ ಇದು. ಓಪನ್ ಸೋರ್ಸ್ ಆವೃತ್ತಿ ಪುಕ್ಕಟೆ ಸಿಗುತ್ತದೆ. ನನಗೆ ಇದರಲ್ಲಿ ಜಾಸ್ತಿ ಇಷ್ಟವಾಗಿರುವುದು ಚಿತ್ರದ ಮೇಲೆ ಹೆಸರು ಬರೆಯುವ ಲೇಬಲ್ ಕಮಾಂಡ್.

ಬಲಗಡೆಯ 'ಎಲ್' ಬಟನ್ ಒತ್ತಿ ರೆಸಿಡ್ಯೂಸ್ (ಪ್ರೋಟೀನ್ ಸರಪಳಿಯ, ಅಂದರೆ ಚೈನಿನ, ಒಂದೊಂದು ಅಮೈನೋ ಆಮ್ಲವೂ ಒಂದು ರೆಸಿಡ್ಯೂ) ಆರಿಸಿದರೆ ಎಲ್ಲ ಅಮೈನೋ ಆಮ್ಲಗಳಿಗೂ ಹೆಸರು ಬೀಳುತ್ತದೆ. ಕೆಲವೇ ಅಮೈನೋ ಆಮ್ಲಗಳ ಚಿಕ್ಕ ಪೆಪ್ಟೈಡ್ ಆದರೆ ಸರಿ. ಹಿಮೋಗ್ಲೋಬಿನ್‌ನಲ್ಲಿ 574 ಇವೆ. ಪರದೆ ತುಂಬ ಬರೀ ಅಕ್ಷರ, ಪ್ರೋಟೀನೇ ಕಾಣುವುದಿಲ್ಲ.

ಅದಕ್ಕೇ ಟೈಪ್ ಮಾಡಿ ಅನ್ನುವುದು. 4ಎಚ್‌ಎಚ್‌ಬಿ ಅನ್ನುವ ಹಿಮೋಗ್ಲೋಬಿನ್ ರಚನೆ ತೆರೆದು ಸುಮ್ನೆ 6ನೇ ರೆಸಿಡ್ಯೂಗೆ ಲೇಬಲ್ ಕೇಳಿ ನೋಡಿ. ನಾಲ್ಕೂ ಚೈನ್‌ಗಳಲ್ಲಿ ಬರುತ್ತದೆ. ಎ, ಸಿ ಅಂದರೆ ಆಲ್ಫಾ ಚೈನ್‌ಗಳಲ್ಲಿ ಅದು ಆಸ್ಪಾರ್ಟಿಕ್ ಆಮ್ಲ. ಬಿ, ಡಿ ಅಂದರೆ ಬೀಟಾ ಚೈನ್‌ಗಳಲ್ಲಿ ಗ್ಲುಟಾಮಿಕ್ ಆಮ್ಲ. ಸಿಕಲ್ ಸೆಲ್ ಅನ್ನುವ ರಕ್ತದ ಕಾಯಿಲೆಯ ಪಾಠಕ್ಕೆ ಬೇಕಿರುವುದು ಬೀಟಾದ್ದು ಮಾತ್ರ. ಅಲ್ಲಿ ವ್ಯಾಲೀನ್ ಬಂದು ಕೂತರೆ ತಾನೇ ಕಾಯಿಲೆ? ಹಾಗಾಗಿ ನಂಬರ್ ಜೊತೆ ಚೈನ್ ಹೆಸರನ್ನೂ ಕೊಡಲೇಬೇಕು.

ಯಾವ ಪರಮಾಣು ಅಂತಲೂ ಹೇಳಬೇಕು. ಇಲ್ಲದಿದ್ದರೆ ಆ ರೆಸಿಡ್ಯೂನ ಒಂದೊಂದು ಪರಮಾಣುವಿನ ಮೇಲೂ ಅದೇ ಹೆಸರು. ಸಾಮಾನ್ಯವಾಗಿ ಪ್ರತಿ ಅಮೈನೋ ಆಮ್ಲದ ನಡುವೆ ಇರುವ ಆಲ್ಫಾ ಕಾರ್ಬನ್‌ಗೆಂದು 'ಸಿಎ' ಬರೆಯುತ್ತಾರೆ. ಆದರೆ ಕ್ಯಾಲ್ಸಿಯಂ ಅಯಾನಿಗೂ ಅದೇ ಹೆಸರು! ಕ್ಯಾಲ್ಸಿಯಂ ಹಿಡಿದುಕೊಳ್ಳುವ ಕ್ಯಾಲ್ಮೋಡುಲಿನ್‌ನಂಥ ಪ್ರೋಟೀನ್‌ನಲ್ಲಿ ಅದಕ್ಕೂ ಲೇಬಲ್ ಬೀಳುತ್ತದೆ. 'ಸಿಎ' ಬದಲು 'ಗೈಡ್' ಅಂತ ಕೊಟ್ಟರೆ ಪ್ರೋಟೀನಿನ ಆಲ್ಫಾ ಕಾರ್ಬನ್ ಮಾತ್ರ ಆಯ್ಕೆಯಾಗುತ್ತದೆ, ಈ ತಾಪತ್ರಯವಿಲ್ಲ. ಒಂದಕ್ಷರದ ಹೆಸರು ಸಾಕೆಂದರೆ 'ಒನ್‌ಲೆಟರ್' ಇದೆ, ಜೊತೆಗೆ ನಂಬರ್ ಸೇರಿಸಿದರೆ 'ಇ6' (ಇ ಅಂದರೆ ಗ್ಲುಟಾಮಿಕ್ ಆಮ್ಲ) ಅಂತ ಚೊಕ್ಕವಾಗಿ ಕಾಣುತ್ತದೆ.

ಅಕ್ಷರದ ಗಾತ್ರಕ್ಕೆ ಮೈನಸ್ ಸಂಖ್ಯೆ ಕೊಡಬಹುದು ಅನ್ನುವುದು ಸುಮಾರು ಜನಕ್ಕೆ ಗೊತ್ತಿಲ್ಲ. ಆಗ ಗಾತ್ರವನ್ನು ಪರಮಾಣುಗಳನ್ನು ಅಳೆಯುವ ಮಾನವಾದ ಆಂಗ್‌ಸ್ಟ್ರಾಮ್‌ನಲ್ಲಿ ಲೆಕ್ಕ ಹಾಕುತ್ತದೆ. ಜೂಮ್ ಮಾಡಿದಂತೆ ಅಕ್ಷರವೂ ದೊಡ್ಡದಾಗುತ್ತದೆ.

ಕೊರತೆ ಅಂದರೆ ಲೇಬಲ್‌ಗಳು ಒಂದರ ಮೇಲೊಂದು ಬಿದ್ದರೆ ತಾವಾಗಿ ಸರಿಯುವುದಿಲ್ಲ. ಎಡಿಟಿಂಗ್ ಮೋಡ್‌ಗೆ ಹೋಗಿ, ಕಂಟ್ರೋಲ್ ಒತ್ತಿ ಹಿಡಿದು, ಒಂದೊಂದನ್ನೇ ಎಳೆದಿಡಬೇಕು. ಕಿಕ್ಕಿರಿದ ಆಕ್ಟಿವ್ ಸೈಟ್ (ಪ್ರೋಟೀನಿನಲ್ಲಿ ರಾಸಾಯನಿಕ ಕ್ರಿಯೆ ನಡೆಯುವ ಜಾಗ) ಆದರೆ ನಿಜಕ್ಕೂ ತಾಳ್ಮೆ ಬೇಕು. ಸೆಷನ್ ಸೇವ್ ಮಾಡಿದರೆ ಎಳೆದಿಟ್ಟ ಜಾಗಗಳೂ ಉಳಿಯುತ್ತವೆ, ಅಷ್ಟರಮಟ್ಟಿಗೆ ಸಮಾಧಾನ.

ಕಮಾಂಡ್ ಬರೆಯಲು ಬೇಸರವಿಲ್ಲ ಅನ್ನುವವರಿಗೆ ಪೈಮಾಲನ್ನೇ ಹೇಳುತ್ತೇನೆ. ಸಾಲುಗಳನ್ನು ಒಂದು ಫೈಲ್‌ನಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ರಚನೆಗೆ ಚೈನ್ ಮತ್ತು ನಂಬರ್ ಬದಲಿಸಿದರಾಯಿತು.