ರೋಜರ್ ಮಿಲ್ಲರ್ ‘ಗೋಲ್ಡನ್ ಹಿಟ್ಸ್’: ಹಳೇ ಎಲ್‌ಪಿ (ಗ್ರಾಮಫೋನ್ ತಟ್ಟೆ) ಕೊಳ್ಳಬಹುದೇ?

ಕೊಳ್ಳಬಹುದು, ನೋಡಿಕೊಂಡು. ಅಮೆರಿಕದ ಹಳ್ಳಿಗಾಡಿನ ಬೇರಿನ ಕಂಟ್ರಿ ಸಂಗೀತದಲ್ಲಿ ನಗಿಸಿದವರು ಬೇಕಾದಷ್ಟಿದ್ದಾರೆ. ಎರಡು ನಿಮಿಷದ ಆಸುಪಾಸಿನ ಹಾಡಲ್ಲಿ ನಗಿಸುತ್ತಲೇ ಚುಚ್ಚುವವರು ಕಡಿಮೆ. 1965ರಲ್ಲಿ ಸ್ಮ್ಯಾಶ್ ರೆಕಾರ್ಡ್ ಕಂಪನಿ ತಂದ ಈ ಸಂಕಲನದಲ್ಲಿ ಅಮೆರಿಕದ ಗಾಯಕ ಮಿಲ್ಲರ್‌ನ ಆ ಕಸುಬು ಚೆನ್ನಾಗಿ ಸಿಗುತ್ತದೆ.

ಮೊದಲು ‘ಡ್ಯಾಂಗ್ ಮಿ’ ಹಾಕಿ. ಮನೆಯಲ್ಲಿ ಹೆಂಡತಿ, ತಿಂಗಳ ಕೂಸು. ಗಂಡ ಹೊರಗೆ ಕುಡಿಯುತ್ತ ಕೂತಿದ್ದಾನೆ, ತನ್ನನ್ನು ನೇಣಿಗೇರಿಸಿ ಎಂದು ತಾನೇ ಹಾಡುತ್ತಾನೆ. ಕಥೆ ನಗುವಂಥದ್ದಲ್ಲ. ನಗು ಬರುವುದು ಗಿಟಾರಿನ ಸ್ವರಗಳ ಬೆನ್ನಿಗೇ ಅರ್ಥವಿಲ್ಲದ ಸದ್ದುಗಳನ್ನು ಮಿಲ್ಲರ್ ಬಾಯಲ್ಲಿ ಉರುಳಿಸುವ ರೀತಿಗೆ. ‘ಡೂ-ವ್ಯಾಕಾ-ಡೂ’ದಲ್ಲಂತೂ ಅದೇ ಪಲ್ಲವಿ.

‘ಕಿಂಗ್ ಆಫ್ ದ ರೋಡ್’ ಇನ್ನೊಂದು ಬಗೆ. ಬಾಸ್, ಬೆರಳ ಚಿಟಿಕೆ, ಮೇಲೊಂದು ನಿರಾಳ ದನಿ, ಹೆಚ್ಚೇನಿಲ್ಲ. ಬಿಡಿಗಾಸಿಲ್ಲದ ಅಲೆಮಾರಿ ತಾನೇ ರಾಜನೆಂದು ಬೀಗುತ್ತಾನೆ. ಹಾಡು ಮುಂದುವರಿದಂತೆ ಶ್ರುತಿ ಅರ್ಧ ಸ್ವರ ಏರುತ್ತದೆ. ಬೀಗುವುದಕ್ಕೆ ಅಷ್ಟೇ ಸಾಕು.

ಹಳೇ ತಟ್ಟೆ ಪರೀಕ್ಷಿಸಲೂ ಇದೇ ಹಾಡು ಸರಿ. ವಾದ್ಯಗಳ ಗದ್ದಲವಿಲ್ಲದ್ದರಿಂದ ಗೀರಿನ ಚಟಪಟ ಅಡಗಲು ಜಾಗವಿಲ್ಲ. ಅಂಗಡಿಯಲ್ಲೇ ಹಾಕಿಸಿ ಕೇಳಿ. ದನಿ ತೇಲಿ ತೇಲಿ ಬಂದರೆ ತಟ್ಟೆ ಸೊಟ್ಟಗಿದೆ ಅಥವಾ ನಡುವಿನ ತೂತು ಸರಿಯಾಗಿಲ್ಲ, ಬಿಟ್ಟುಬಿಡಿ. ತಟ್ಟೆಯ ನಡುವಿನ ಲೇಬಲ್ ಸಂಖ್ಯೆ ‘ಎಂಜಿಎಸ್’ ಎಂದು ಶುರುವಾದರೆ ಮೊನೊ (ಎರಡೂ ಕಡೆ ಒಂದೇ ದನಿ), ‘ಎಸ್‌ಆರ್‌ಎಸ್’ ಆದರೆ ಸ್ಟೀರಿಯೊ (ಎಡಕ್ಕೂ ಬಲಕ್ಕೂ ಬೇರೆ ದನಿ). ಮೊನೊ ಪ್ರತಿಯನ್ನು ಸ್ಟೀರಿಯೊ ಕಾರ್ಟ್ರಿಜ್‌ನಲ್ಲೂ (ತಟ್ಟೆ ಓದುವ ಮುಳ್ಳು ಕೂರುವ ಭಾಗ) ನುಡಿಸಬಹುದು. ಆಂಪ್ಲಿಫೈಯರ್‌ನ ಮೊನೊ ಗುಂಡಿ ಒತ್ತಿದರೆ ಮುಳ್ಳು ಮೇಲೆ ಕೆಳಗೆ ಕುಣಿದು ಹುಟ್ಟುವ ಸದ್ದು ಕಳೆದುಹೋಗಿ, ಕರಕರ ತಗ್ಗುತ್ತದೆ.

ಕೊರತೆ? ಇದು 1965ಕ್ಕೇ ನಿಲ್ಲುತ್ತದೆ. ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿ 1936ರಲ್ಲಿ ಹುಟ್ಟಿ, ಅಪ್ಪ ತೀರಿದ ಮೇಲೆ ಓಕ್ಲಹೋಮದ ಎರಿಕ್‌ನಲ್ಲಿ ಚಿಕ್ಕಪ್ಪನ ಮನೆಯಲ್ಲಿ ಬೆಳೆದು, ನ್ಯಾಶ್‌ವಿಲ್‌ನ ಹೋಟೆಲೊಂದರಲ್ಲಿ ಗಿರಾಕಿಗಳ ಪೆಟ್ಟಿಗೆ ಹೊತ್ತ ಮಿಲ್ಲರ್ ಎರಡೇ ವರ್ಷದ ಸಮಾರಂಭಗಳಲ್ಲಿ 11 ಗ್ರ್ಯಾಮಿ ಸಂಗೀತ ಪ್ರಶಸ್ತಿ ಬಾಚಿದ. ಆಮೇಲಿನ ಮಿಲ್ಲರ್ ಇಲ್ಲಿಲ್ಲ: ಸಂಸಾರ ಒಡೆಯುವುದು ಅಹಂಕಾರದಿಂದ ಎನ್ನುವ ‘ಹಸ್ಬೆಂಡ್ಸ್ ಅಂಡ್ ವೈವ್ಸ್’ (1966), ಡಿಸ್ನಿಯ ಕಾರ್ಟೂನ್ ಚಿತ್ರ ‘ರಾಬಿನ್ ಹುಡ್’ನಲ್ಲಿ (1973) ಹುಂಜವಾಗಿ ಹಾಡಿದ್ದು, ಅವನು ಹಾಡು ಕಟ್ಟಿಕೊಟ್ಟ, ರಂಗಭೂಮಿಯ ಟೋನಿ ಪ್ರಶಸ್ತಿ ಗೆದ್ದ ಬ್ರಾಡ್‌ವೇ ನಾಟಕ ‘ಬಿಗ್ ರಿವರ್’ (1985). ಸತ್ತದ್ದು 1992ರಲ್ಲಿ.

ಎಲ್‌ಪಿಯ ಹುಚ್ಚಿಲ್ಲದವರು ನಂತರದ ಯಾವುದಾದರೂ ಸಿಡಿ ಸಂಕಲನ ಕೊಳ್ಳಿ. ‘ಹಸ್ಬೆಂಡ್ಸ್ ಅಂಡ್ ವೈವ್ಸ್’ ಇದೆಯೇ ಎಂದು ಮಾತ್ರ ಹಿಂಬದಿ ತಿರುಗಿಸಿ ನೋಡಿ. ಇಲ್ಲದಿದ್ದರೆ ಅಲ್ಲೇ ಇಟ್ಟು ಬನ್ನಿ.